ಸಂತ ಮರಿಯಮ್ ಬವಾರ್ದಿ ಕಥೆನ ಬೇರೆಯವರಿಗೆ ಹೇಳೋದು ಹೇಗೆ

ಆಗಸ್ಟ್ ಕೊನೆ ವಾರ ಬಂತು ಅಂದ್ರೆ ಪ್ರಾರ್ಥನಾ ಕೂಟದಲ್ಲೋ ಧರ್ಮೋಪದೇಶದ ಕ್ಲಾಸಲ್ಲೋ ಯಾರಿಗಾದ್ರೂ ಒಬ್ರಿಗೆ ಹೇಳ್ತಾರೆ, ಲಿಟಲ್ ಅರಬ್ ಬಗ್ಗೆ, ಅಂದ್ರೆ ಸಂತ ಮರಿಯಮ್ ಬವಾರ್ದಿ ಬಗ್ಗೆ ಒಂದು ಹತ್ತು ನಿಮಿಷ ಮಾತಾಡಿ ಅಂತ. ನಾನೂ ಒಂದ್ಸಲ ಒಪ್ಕೊಂಡೆ. ಮಕ್ಕಳು ಕಿವಿಗೊಟ್ಟು ಕೇಳ್ಬೇಕಲ್ಲ ಅಂತ ಸೀದಾ ಮರದ ತುದಿಗೆ ಹಾರಿದ ಕಥೆಯಿಂದಲೇ ಶುರು ಮಾಡಿದೆ, ಮುಗಿಯೋವರೆಗೂ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಎತ್ತರ ಹಾರಿದ್ರು, ಮತ್ತೆ ಹಾರಿದ್ರಾ ಅಂತ. ಆ ಹೆಣ್ಣುಮಗಳು ಯಾರು, ಏನು ಅನುಭವಿಸಿದ್ರು, ಯಾಕೆ ಸಂತರಾದ್ರು ಅನ್ನೋದು ಒಬ್ಬ ಮಗುಗೂ ತಲುಪಲಿಲ್ಲ. ಮನೆಗೆ ಬಂದು ತುಂಬಾ ಹೊತ್ತು ಯೋಚನೆ ಮಾಡಿದೆ, ಅವರು ಬದುಕಿದ್ದಾಗ ಅವರ ಸುತ್ತ ಇದ್ದವರು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ, ಅಚ್ಚರಿ ನೋಡ್ತಾ ನೋಡ್ತಾ ಮನುಷ್ಯಳನ್ನ ನೋಡೋದೇ ಮರೆತಿದ್ದೆ. ಅದಾದ್ಮೇಲೆ ಸುಮಾರು ಓದಿ, ಕೆಲವು ಸಲ ಹೇಳಿ, ಯಾವ ಕ್ರಮದಲ್ಲಿ ಹೇಳಿದ್ರೆ ಜನರಿಗೆ ಮುಟ್ಟತ್ತೆ ಅಂತ ನಿಧಾನಕ್ಕೆ ಗೊತ್ತಾಯ್ತು, ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಹೆಸರು

ಹೆಸರಲ್ಲೇ ಅರ್ಧ ಗೊಂದಲ ಇದೆ, ಅದನ್ನ ಶುರುನಲ್ಲೇ ಬಿಡಿಸಿಬಿಡಿ. ಹುಟ್ಟು ಹೆಸರು ಮರಿಯಮ್ ಬವಾರ್ದಿ, ಕಾರ್ಮೆಲ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿನಿಯರ ಮಠ ಸೇರಿದ ಮೇಲೆ ಸಿಸ್ಟರ್ ಮೇರಿ ಆಫ್ ಜೀಸಸ್ ಕ್ರೂಸಿಫೈಡ್, ಅಂದ್ರೆ ಶಿಲುಬೆಗೇರಿದ ಯೇಸುವಿನ ಮರಿಯ. ಪ್ರೀತಿಯಿಂದ ಲಿಟಲ್ ಅರಬ್ ಅಂತಾರೆ. ಮೂರೂ ಒಬ್ಬರೇ. ಇನ್ನೊಂದು, ಕೇರಳದ ಮರಿಯಮ್ ತ್ರೇಸ್ಯಾ ಅಂತ ಇನ್ನೊಬ್ಬ ಸಂತರಿದ್ದಾರೆ, 2019ರಲ್ಲಿ ಸಂತ ಪದವಿ ಸಿಕ್ಕಿದ್ದು, ಅವರಿಗೂ ಪಂಚಗಾಯ, ಅಂದ್ರೆ ಶಿಲುಬೆ ಮೇಲೆ ಯೇಸುಗೆ ಆದಂಥ ಗಾಯಗಳು, ಅವರಿಗೂ ದರ್ಶನಗಳು, ಹಾಗಾಗಿ ಇಬ್ಬರ ಕಥೆನೂ ಸೇರಿಸಿ ಫಾರ್ವರ್ಡ್ ಮಾಡೋರು ಬೇಕಾದಷ್ಟು ಜನ. ಫೋಟೋ ಹಾಕೋ ಮುಂಚೆ ಎರಡು ಸಲ ನೋಡ್ಕೊಳ್ಳಿ.

ಮರಿಯಮ್‌ನ ಮಿಸ್ಟಿಕ್ ಅಂತಾರೆ, ಅದಕ್ಕೆ ಕನ್ನಡದಲ್ಲಿ ಅನುಭಾವಿ ಅನ್ನೋ ಪದ ಇದೆ, ಅದನ್ನೇ ಬಳಸಿ. ಪವಾಡ ಮಾಡೋರು ಅಂತ ಆ ಪದದ ಅರ್ಥ ಅಲ್ಲ, ದೇವರನ್ನ ಕೇಳಿ ತಿಳಿದವರಲ್ಲ, ಉಂಡು ತಿಳಿದವರು ಅಂತ. ವಚನ ಕೇಳಿ ಬೆಳೆದ ನಮ್ಮ ಜನರಿಗೆ ಇದನ್ನ ಜಾಸ್ತಿ ಬಿಡಿಸಿ ಹೇಳೋ ಅಗತ್ಯನೇ ಇರಲ್ಲ.

ಊರುಗಳನ್ನ ಒಂದು ಹಾಳೆ ಮೇಲೆ ಬರ್ಕೊಳ್ಳಿ

ಇಸವಿಗಳ ಪಟ್ಟಿ ಓದಿದ್ರೆ ಜನ ಆಕಳಿಸ್ತಾರೆ, ಆದ್ರೆ ಊರಿಂದ ಊರಿಗೆ ಕರ್ಕೊಂಡು ಹೋದ್ರೆ ಜೊತೆಗೆ ಬರ್ತಾರೆ. ಇಬಿಲ್ಲಿನ್, ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಫ್ರಾನ್ಸಿನ ಮಾರ್ಸೇಲ್ಸ್ ಮತ್ತು ಪೋ, ಮಂಗಳೂರು, ಮತ್ತೆ ಪೋ, ಕೊನೆಗೆ ಬೆತ್ಲೆಹೇಮ್. ಬರೀ 32 ವರ್ಷದ ಬದುಕಲ್ಲಿ ಇಷ್ಟು ಅಲೆದಾಟ. ಈ ಹಾಳೆ ಕೈಲಿದ್ರೆ ಕಥೆ ತಾನಾಗೇ ನಡೆಯತ್ತೆ.

ಹುಟ್ಟಿದ್ದು 1846 ಜನವರಿ 5, ನಜರೇತ್ ಮತ್ತು ಹೈಫಾ ನಡುವಿನ ಇಬಿಲ್ಲಿನ್ ಅನ್ನೋ ಹಳ್ಳೀಲಿ, ಆಗ ಅದು ಒಟ್ಟೋಮನ್ ಆಳ್ವಿಕೆ. ಮನೆಯವರು ಮೆಲ್ಕೈಟ್ ಗ್ರೀಕ್ ಕ್ಯಾಥೊಲಿಕರು, ಅಂದ್ರೆ ಪೂರ್ವದ ವಿಧಿಯಲ್ಲಿ ಪೂಜೆ ಮಾಡಿದ್ರೂ ಪೋಪರನ್ನ ಒಪ್ಪೋ ಕ್ರೈಸ್ತರು. ಅವಳಿಗಿಂತ ಮುಂಚೆ ಹುಟ್ಟಿದ 12 ಗಂಡುಮಕ್ಕಳು ಹಸುಗೂಸಲ್ಲೇ ತೀರಿಹೋಗಿದ್ರು. ಅಪ್ಪ ಅಮ್ಮ ಬೆತ್ಲೆಹೇಮ್‌ವರೆಗೆ ಹರಕೆ ಯಾತ್ರೆ ಹೋಗಿ ಒಂದು ಹೆಣ್ಣುಮಗು ಕೊಡು ತಾಯಿ ಅಂತ ಬೇಡ್ಕೊಂಡು ಬಂದ್ರು, ಅದಕ್ಕೇ ಮಗುಗೆ ಆ ಮಾತೆ ಮರಿಯಮ್ಮನ ಹೆಸರೇ, ಮರಿಯಮ್ ಅಂತ. ಇಲ್ಲಿ ಸ್ವಲ್ಪ ನಿಂತು ಹೇಳಿ, ಓಡ್ಬೇಡಿ, 12 ಮಕ್ಕಳನ್ನ ಮಣ್ಣು ಮಾಡಿದ ತಾಯಿ ಮತ್ತೆ ಬೇಡೋಕೆ ಹೋಗ್ತಾಳಲ್ಲ, ಈ ಕಥೆಯ ಮೊದಲ ನಂಬಿಕೆ ಅಲ್ಲಿದೆ. ಆದ್ರೆ ಮರಿಯಮ್‌ಗೆ ಮೂರು ತುಂಬೋ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡ್ರು. ಇವಳ ಪುಟ್ಟ ತಮ್ಮ ಬೂಲೋಸ್‌ನ ಒಬ್ಬ ಸಂಬಂಧಿಕರು ಕರ್ಕೊಂಡು ಹೋದ್ರು, ಇವಳನ್ನ ಚಿಕ್ಕಪ್ಪ ಸಾಕಿದ್ರು. ಅನಾಥ ಮಗು ಒಂದೇ ಏಟಿಗೆ ಅಪ್ಪ, ಅಮ್ಮ, ತಮ್ಮ ಮೂವರನ್ನೂ ಕಳ್ಕೊಳ್ತು.

ಮಕ್ಕಳಿಗೆ ಹೇಳೋದಾದ್ರೆ ಹಕ್ಕಿಮರಿ ಕಥೆ ಬಿಡಬೇಡಿ. ಚಿಕ್ಕಪ್ಪನ ತೋಟದಲ್ಲಿ ಆಟಕ್ಕೆ ಕೊಟ್ಟಿದ್ದ ಪುಟ್ಟ ಹಕ್ಕಿಗಳಿಗೆ ಪ್ರೀತಿಯಿಂದ ಸ್ನಾನ ಮಾಡಿಸಿದ್ಲು, ಪಾಪ ಸತ್ತೇಹೋದ್ವು. ಅಳ್ತಾ ಹೂಳೋಕೆ ಹೋದಾಗ ಒಳಗಿಂದ ಒಂದು ದನಿ ಕೇಳ್ತಂತೆ, ಎಲ್ಲವೂ ಹೀಗೇ ಹೋಗತ್ತೆ, ನಿನ್ನ ಹೃದಯ ನನಗೆ ಕೊಟ್ರೆ ನಾನು ಯಾವತ್ತೂ ನಿನ್ನ ಜೊತೆ ಇರ್ತೀನಿ ಅನ್ನೋ ಅರ್ಥದಲ್ಲಿ. ಅಪ್ಪ ಅಮ್ಮ ಹೋದ ಮಗುಗೆ ಈ ಮಾತು ಏನಾಗಿ ಕೇಳಿಸಿರ್ಬೇಕು ಅಂತ ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಹೇಳಿ.

ಕತ್ತಿನ ಗಾಯದ ಕಥೆ ಹೇಳುವಾಗ ಜೋಪಾನ

ಎಂಟು ವರ್ಷಕ್ಕೆ ಚಿಕ್ಕಪ್ಪನ ಮನೆಯವರು ಈಜಿಪ್ಟಿನ ಅಲೆಕ್ಸಾಂಡ್ರಿಯಾಗೆ ಬಂದ್ರು. ಹದಿಮೂರರ ಹತ್ರ ಮದುವೆ ಗೊತ್ತು ಮಾಡಿದ್ರು, ಹುಡುಗಿ ಒಪ್ಪಲಿಲ್ಲ, ತನ್ನ ಉದ್ದ ಕೂದಲನ್ನ ತಾನೇ ಕತ್ತರಿಸಿಕೊಂಡುಬಿಟ್ಲು. ಅಲ್ಲಿಂದ ಮನೆಮಗಳ ಜಾಗ ಹೋಗಿ ಕೆಲಸದವಳ ಜಾಗ ಬಂತು. ತಮ್ಮನಿಗೆ ಒಂದು ಕಾಗದ ಕಳಿಸ್ಬೇಕು ಅಂತ ಚಿಕ್ಕಪ್ಪನ ಮನೇಲಿ ಮುಂಚೆ ಕೆಲಸಕ್ಕಿದ್ದ ಒಬ್ಬನ ಹತ್ರ ಹೋದಾಗ ಅವನು ಮತ ಬದಲಾಯಿಸು ಅಂತ ಒತ್ತಾಯ ಮಾಡಿದ, ಇವಳು ಆಗಲ್ಲ ಅಂದಿದ್ದಕ್ಕೆ ಸಿಟ್ಟಲ್ಲಿ ಕತ್ತು ಕೊಯ್ದು, ಸತ್ತಳು ಅಂದ್ಕೊಂಡು ಗಲ್ಲಿಯಲ್ಲಿ ಎಸೆದು ಹೋದ. ಇದು 1858ರ ಸೆಪ್ಟೆಂಬರ್. ಎಚ್ಚರ ಆದಾಗ ಒಂದು ಗುಹೆ ತರದ ಜಾಗದಲ್ಲಿ ನೀಲಿ ಬಟ್ಟೆ ಉಟ್ಟ ಒಬ್ಬ ಹೆಂಗಸು ಆರೈಕೆ ಮಾಡ್ತಿದ್ರು, ಅವರು ಮಾತೆ ಮರಿಯಮ್ಮನೇ ಅಂತ ಮರಿಯಮ್ ಕೊನೆವರೆಗೂ ನಂಬಿದ್ರು. ಕತ್ತಿನ ಮೇಲಿನ ಗಾಯದ ಗುರುತು ಸಾಯೋವರೆಗೂ ಇತ್ತು, ಮುಂದೆ ಮಠದಲ್ಲಿ ಜೊತೆಗಿದ್ದವರು ನೋಡಿದ್ದಾರೆ, ದನಿಯೂ ಗೊಗ್ಗರಾಗೇ ಉಳೀತು.

ಈ ಭಾಗವನ್ನ ಒಂದು ಧರ್ಮದವರ ಮೇಲೆ ಸಿಟ್ಟು ಬರೋ ಹಾಗೆ ಹೇಳೋರನ್ನ ನೋಡಿದ್ದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ. ಕೊಯ್ದಿದ್ದು ಒಬ್ಬ ಮನುಷ್ಯ. 2015ರಲ್ಲಿ ಸಂತ ಪದವಿ ಕೊಡುವಾಗ ಪೋಪ್ ಫ್ರಾನ್ಸಿಸ್ ತಮ್ಮ ಪ್ರವಚನದಲ್ಲಿ ಇದೇ ಮರಿಯಮ್‌ನ ಮುಸ್ಲಿಂ ಲೋಕದ ಜೊತೆ ಭೇಟಿ ಮತ್ತು ಒಡನಾಟಕ್ಕೆ ದಾರಿಯಾದವರು ಅಂತ ನೆನೆಸಿಕೊಂಡ್ರು. ಕತ್ತು ಕೊಯ್ಸಿಕೊಂಡವರೇ ಸೇತುವೆ ಆಗಿದ್ದಾರೆ, ಕಥೆ ಹೇಳೋ ನಾವು ಅದನ್ನ ಮುರಿಯೋದು ಬೇಡ.

ಅಲ್ಲಿಂದ ಮುಂದಿನ ವರ್ಷಗಳನ್ನ ಬೇಗ ಹೇಳಬಹುದು. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್‌ನಲ್ಲಿ ಮನೆಕೆಲಸ, 1863ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್‌ಗೆ ಒಂದು ಸಿರಿಯನ್ ಕುಟುಂಬದ ಅಡುಗೆಯವಳಾಗಿ. 1865ರಲ್ಲಿ ಅಲ್ಲೇ ಸಂತ ಜೋಸೆಫರ ಸಭೆಯ ಸಿಸ್ಟರ್‌ಗಳ ಹತ್ರ ಸೇರಿಕೊಂಡ್ರು. ಎರಡು ವರ್ಷ ಆದ್ಮೇಲೆ ಬೇಡ ಅಂತ ಕಳಿಸಿಬಿಟ್ರು, ಯಾಕಂದ್ರೆ ಕೈಕಾಲಲ್ಲಿ ಗಾಯ, ಭಕ್ತಿಪರವಶತೆ, ಇದೆಲ್ಲ ನಮ್ಮಂಥ ಕೆಲಸದ ಸಭೆಗೆ ಹೊಂದಲ್ಲ ಅಂತ. ಇದು ಮೊದಲನೇ ತಿರಸ್ಕಾರ. ಅಲ್ಲಿ ನೊವಿಸ್‌ಗಳನ್ನ, ಅಂದ್ರೆ ವ್ರತಕ್ಕೆ ಮುಂಚೆ ತರಬೇತಿಯಲ್ಲಿರೋರನ್ನ ನೋಡ್ಕೊಳ್ತಿದ್ದ ಮದರ್ ವೆರೋನಿಕಾ ತಾವೂ ಕಾರ್ಮೆಲ್‌ಗೆ ಹೊರಟಿದ್ರು, ಜೊತೆಗೆ ಇವರನ್ನೂ ಪೋ ಊರಿನ ಕಾರ್ಮೆಲ್ ಮಠಕ್ಕೆ ಕರ್ಕೊಂಡು ಹೋದ್ರು, 1867 ಜೂನ್. ಮದರ್ ವೆರೋನಿಕಾ ಅಂದ್ರೆ ಅಪೊಸ್ತಲಿಕ್ ಕಾರ್ಮೆಲ್ ಸಭೆ ಶುರು ಮಾಡಿದವರೇ, ಮಂಗಳೂರಿನಲ್ಲಿ ಆ ಸಭೆಯದ್ದೇ ಆದ ಸೇಂಟ್ ಆನ್ಸ್ ಕಾನ್ವೆಂಟ್ ಗೊತ್ತಿರೋರಿಗೆ ಈ ಹೆಸರು ಹೇಳಿದ್ರೆ ಕಣ್ಣು ಅರಳತ್ತೆ.

ಮಂಗಳೂರಿನ ಭಾಗಕ್ಕೆ ಅರ್ಧ ಸಮಯ ಕೊಡಿ

ನಿಮ್ಮ ಹತ್ತು ನಿಮಿಷದಲ್ಲಿ ಐದು ನಿಮಿಷ ಇಲ್ಲಿಗೇ ಇಡಿ ಅಂತೀನಿ ನಾನು. ನಮ್ಮ ಕರಾವಳಿಯಲ್ಲಿ ಎರಡು ವರ್ಷ ಬದುಕಿ, ಇಲ್ಲೇ ಕೊನೆ ವ್ರತ ತಗೊಂಡು, ಇಲ್ಲಿಂದಲೇ ಅನುಮಾನದ ಹೊರೆ ಹೊತ್ಕೊಂಡು ವಾಪಸ್ ಹೋದ ಸಂತರು ಇವರು, ಆದ್ರೆ ನಮ್ಮಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

1870ರ ಆಗಸ್ಟಲ್ಲಿ ಪೋ ಮಠದಿಂದ ಒಂದು ಸಣ್ಣ ಗುಂಪು ಹೊರಟಿತು, ಭಾರತದಲ್ಲಿ ಮೊದಲ ಕಾರ್ಮೆಲ್ ಕನ್ಯಾಮಠ ಕಟ್ಟೋಕೆ. ಹಡಗಿನ ಪ್ರಯಾಣದಲ್ಲೇ, ಮಂಗಳೂರು ಮುಟ್ಟೋ ಮುಂಚೆಯೇ ಮೂವರು ಸಿಸ್ಟರ್‌ಗಳು ತೀರಿಹೋದ್ರು. ಫ್ರಾನ್ಸಿನಿಂದ ಮತ್ತೆ ಜನ ಕಳಿಸಬೇಕಾಯ್ತು, ಆ ವರ್ಷದ ಕೊನೆಗೆ ಮಠದ ಜೀವನ ಶುರುವಾಯ್ತು. ಹೊಸ ಜಾಗ, ಹೊಸ ಹವೆ, ಸುತ್ತ ತುಳು ಕೊಂಕಣಿ ಕನ್ನಡ, ಒಳಗೆ ಫ್ರೆಂಚ್, ಮರಿಯಮ್‌ಗೆ ಮಾತ್ರ ತಾಯಿಭಾಷೆ ಅರಬ್ಬಿ, ಮಾತಾಡೋಕೆ ಒಬ್ಬರಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ ಹೇಳಿ, ಕನ್ನಡದವರಿಗೆ ಥಟ್ಟಂತ ಅರ್ಥ ಆಗತ್ತೆ. ಫ್ರೆಂಚಲ್ಲಿ ನಮ್ಮ ಹಾಗೇ ನೀನು ಬೇರೆ ನೀವು ಬೇರೆ. ಮರಿಯಮ್ ಕಲಿತದ್ದು ಹರುಕುಮುರುಕು ಫ್ರೆಂಚ್, ಅವರು ಎಲ್ಲರನ್ನೂ ನೀನು ಅಂತಲೇ ಮಾತಾಡಿಸ್ತಿದ್ರು, ದೊಡ್ಡವರು ಚಿಕ್ಕವರು ಅಂತಿಲ್ಲ. ಓದು ಬರಹ ಅಷ್ಟಕ್ಕಷ್ಟೆ, ಹಾಗಾಗಿ ತಾವೇ ಕೇಳ್ಕೊಂಡು ಲೇ ಸಿಸ್ಟರ್ ಆಗಿದ್ದವರು, ಅಂದ್ರೆ ಅಡುಗೆ, ಬಟ್ಟೆ ಒಗೆಯೋದು, ಭಾರ ಹೊರೋದು. ಇಂಥವರು ಪಾತ್ರೆ ತೊಳೀತಾ ಇದ್ದ ಹಾಗೇ ಮೈಮರೆತು ದೇವರಲ್ಲಿ ಮುಳುಗಿಬಿಟ್ರೆ, ಅಡುಗೆಮನೇಲೇ ಮುಖ ಬೆಳಗಿದ್ರೆ, ನೋಡಿದವರಿಗೆ ಏನನ್ಸತ್ತೆ? ಕೆಲವರಿಗೆ ಭಕ್ತಿ, ಕೆಲವರಿಗೆ ಭಯ.

ಜೊತೆಗೆ ಇನ್ನೊಂದು ಕಷ್ಟ ಇತ್ತು, ಅದನ್ನ ಮುಚ್ಚಿಡಬೇಡಿ. ತಿಂಗಳುಗಟ್ಟಲೆ ಅವರಿಗೆ ದುಷ್ಟಶಕ್ತಿಯ ಕಾಟ ಇದ್ದ ಹಾಗೆ ಹೊರಗೆ ಕಾಣ್ತಿತ್ತು, ಪೋ ಮಠದಲ್ಲಿ 1868ರಲ್ಲೂ 40 ದಿನ ಇಂಥದ್ದೇ ನಡೆದಿತ್ತು. ಈ ಮಾತು ಹೇಳುವಾಗ ಮೈಮೇಲೆ ಬರೋದು, ಮೈದುಂಬೋದು ಅನ್ನೋ ನಮ್ಮ ಪದಗಳನ್ನ ಬಳಸ್ಬೇಡಿ, ಕರಾವಳಿಯಲ್ಲಿ ಆ ಪದಗಳಿಗೆ ಬೇರೆಯದೇ ಗೌರವದ ಅರ್ಥ ಇದೆ, ಕೇಳೋರು ಎರಡನ್ನೂ ಕಲಸಿಬಿಡ್ತಾರೆ. ಒಳಗೆ ದೊಡ್ಡ ಹೋರಾಟ ನಡೀತಿತ್ತು, ಅದು ಹೊರಗಿನವರಿಗೆ ಹೆದರಿಕೆ ಹುಟ್ಟಿಸೋ ಹಾಗಿತ್ತು ಅಂದ್ರೆ ಸಾಕು.

1871 ನವೆಂಬರ್ 21ಕ್ಕೆ ಮಂಗಳೂರಲ್ಲೇ ವ್ರತಗ್ರಹಣ ಆಯ್ತು. ಆದ್ರೆ ಅಷ್ಟೊತ್ತಿಗೆ ಮಠದೊಳಗೆ ಬಿರುಕು ಬಿಟ್ಟಿತ್ತು, ಇದು ದೇವರದ್ದಾ, ಭ್ರಮೆನಾ, ಸೈತಾನನದ್ದಾ ಅಂತ. ಮೊದಲು ಮೆಚ್ಚಿ ಬೆಂಬಲಿಸಿದ್ದ ಮಂಗಳೂರಿನ ಬಿಷಪ್ ಮಾರಿ ಎಫ್ರೇಮ್ ಕೂಡ ಅನುಮಾನ ಪಟ್ರು. 1872ರಲ್ಲಿ ಮರಿಯಮ್‌ನ ಪೋಗೆ ವಾಪಸ್ ಕಳಿಸಿದ್ರು. ತಾನೇ ಕಟ್ಟೋಕೆ ಬಂದ ಮನೆಯಿಂದ, ವ್ರತ ತಗೊಂಡು ವರ್ಷ ತುಂಬೋ ಹೊತ್ತಿಗೆ.

ಇಲ್ಲಿ ಬಿಷಪ್ಪನ್ನೋ ಮಠದ ಮುಖ್ಯಸ್ಥೆ ಮದರ್‌ನೋ ವಿಲನ್ ಮಾಡೋ ಆಸೆ ಆಗತ್ತೆ, ನನಗೂ ಆಗಿತ್ತು. ಆದ್ರೆ ಸ್ವಲ್ಪ ಯೋಚಿಸಿ. ಕಾರ್ಮೆಲ್ ಸಭೆಯ ಗುರುಗಳೇ, ಅಂದ್ರೆ 16ನೇ ಶತಮಾನದ ಸ್ಪೇನಿನ ಸಂತರಾದ ಆವಿಲಾದ ತೆರೇಸಾ ಮತ್ತು ಶಿಲುಬೆಯ ಯೊವಾನ್ನ, ದರ್ಶನಗಳಿಗೆ ಅಂಟಿಕೊಳ್ಬೇಡಿ, ಪರೀಕ್ಷೆ ಮಾಡಿ ಅಂತಲೇ ಕಲಿಸಿದವರು. ಅನುಮಾನ ಪಡೋದು ಆ ಮನೆಯ ಶಿಸ್ತು. ತೆರೇಸಾರನ್ನ ಅವರ ಕಾಲದ ಪಾಪನಿವೇದನೆ ಗುರುಗಳೇ ಇದು ಸೈತಾನನ ಕೆಲಸ ಅಂದಿದ್ರು, ಯೊವಾನ್ನರನ್ನ 1577ರಲ್ಲಿ ಅವರದೇ ಸಭೆಯವರು ಟೊಲೆಡೋದಲ್ಲಿ ಸುಮಾರು ಒಂಬತ್ತು ತಿಂಗಳು ಕೂಡಿಹಾಕಿದ್ರು. ಅನುಭಾವಿಗಳ ಪಾಲಿಗೆ ಅಪಾರ್ಥ ಅನ್ನೋದು ದಾರೀಲಿ ಸಿಗೋ ಹಳ್ಳ ಅಲ್ಲ, ದಾರಿಯೇ ಹಾಗಿರತ್ತೆ. ಮಂಗಳೂರಿನ ಮಠದವರು ಕೆಟ್ಟವರಲ್ಲ, ಮೂವರು ಜೊತೆಗಾರರನ್ನ ಕಳ್ಕೊಂಡು, ಗೊತ್ತಿಲ್ಲದ ನಾಡಲ್ಲಿ ಮಠ ನಿಲ್ಲಿಸೋಕೆ ಒದ್ದಾಡ್ತಿದ್ದ ದಣಿದ ಹೆಂಗಸರು. ಇದನ್ನೂ ಹೇಳಿದ್ರೆ ಮರಿಯಮ್‌ನ ನೋವು ಇನ್ನೂ ಜಾಸ್ತಿ ಅರ್ಥ ಆಗತ್ತೆ, ಯಾಕಂದ್ರೆ ಒಳ್ಳೆಯವರಿಂದ ಆದ ಗಾಯ ಅದು.

ಮರದ ಕಥೆ ಈಗ ಹೇಳಿ, ಮುಂಚೆ ಅಲ್ಲ

ಪೋಗೆ ವಾಪಸ್ ಬಂದ ಮೇಲೆ, 1873 ಮತ್ತು 1874ರಲ್ಲಿ ಎಂಟು ಸಲ, ಮಠದ ತೋಟದ ದೊಡ್ಡ ಲಿಂಡೆನ್ ಮರದ ತುದಿಯಲ್ಲಿ ಅವರನ್ನ ಕಂಡಿದ್ದಾಗಿ ಸಿಸ್ಟರ್‌ಗಳು ಸಾಕ್ಷಿ ಹೇಳಿದ್ದಾರೆ. ಹಾರಿದ್ದಕ್ಕಿಂತ ಇಳಿದಿದ್ದನ್ನ ಹೇಳಿ. ಕೆಳಗಿಂದ ಮದರ್ ವಿಧೇಯತೆ ಹೆಸರಲ್ಲಿ ಇಳಿದು ಬಾ ಅಂತ ಹೇಳಿದ ತಕ್ಷಣ ಅಷ್ಟು ದೊಡ್ಡ ಆನಂದ ಬಿಟ್ಟು ಇಳಿದು ಬರ್ತಿದ್ರು. ಮಠದ ಹಿರಿಯರಿಗೆ ನೆಚ್ಚಿಕೆ ಹುಟ್ಟಿದ್ದು ಎತ್ತರ ನೋಡಿ ಅಲ್ಲ, ಈ ಇಳಿಯೋದನ್ನ ನೋಡಿ. ಸ್ವಂತ ಭ್ರಮೆಯಲ್ಲಿ ಇರೋರು ಒಂದು ಮಾತಿಗೆ ಅದನ್ನ ಬಿಟ್ಟು ಬರೋದು ಕಷ್ಟ. ಮಂಗಳೂರಲ್ಲಿ ನಿನ್ನದು ಸುಳ್ಳು ಅಂದಾಗಲೂ ಅವರು ಮಠ ಬಿಟ್ಟು ಹೋಗಲಿಲ್ಲ, ಕಳಿಸಿದ ಕಡೆ ಹೋದ್ರು. ಈ ಎರಡನ್ನೂ ಜೋಡಿಸಿ ಹೇಳಿ ನೋಡಿ, ಮಕ್ಕಳೂ ಎತ್ತರ ಕೇಳಲ್ಲ.

ಆದ್ರೂ ಯಾರಾದ್ರೂ ಒಬ್ರು ಎದ್ದು ನಿಂತು ಇದೆಲ್ಲ ನಿಜಾನಾ ಅಂತ ಕೇಳೇ ಕೇಳ್ತಾರೆ, ಹದಿಹರೆಯದವರಂತೂ ಗ್ಯಾರಂಟಿ. ಬೈಬೇಡಿ, ನಂಬಿಕೆ ಇಲ್ವಾ ಅಂತ ಬಾಯಿ ಮುಚ್ಚಿಸ್ಬೇಡಿ. ಕ್ಯಾಥೊಲಿಕ್ ಸಭೆಯ ಬೋಧನೆ ಏನು ಅಂತ ಸರಳವಾಗಿ ಹೇಳಿ: ಒಬ್ಬರಿಗೆ ಆದ ಖಾಸಗಿ ದರ್ಶನವನ್ನ ನಂಬಲೇಬೇಕು ಅಂತ ಯಾರ ಮೇಲೂ ಕಡ್ಡಾಯ ಇಲ್ಲ. ಸಂತ ಪದವಿಗೆ ತನಿಖೆ ಮಾಡುವಾಗ ಅವರು ಅಳೆಯೋದು ವಿಶ್ವಾಸ, ಭರವಸೆ, ಪ್ರೀತಿ, ದೀನತೆ ಇದೆಲ್ಲ ವೀರೋಚಿತ ಮಟ್ಟದಲ್ಲಿ ಇತ್ತಾ ಅಂತ. ಪಂಚಗಾಯ ಇದ್ದಿದ್ದಕ್ಕೆ ಯಾರನ್ನೂ ಸಂತರು ಅನ್ನಲ್ಲ. ಹೀಗೆ ಹೇಳಿದಾಗ ಅನುಮಾನ ಪಡೋ ಹುಡುಗ್ರೂ ಕೂತು ಕೇಳೋದನ್ನ ನೋಡಿದ್ದೀನಿ, ಯಾಕಂದ್ರೆ ಅವರ ಪ್ರಶ್ನೆಗೆ ಜಾಗ ಸಿಕ್ತು.

ಅವರ ಮಾತು, ಅವರ ಪ್ರಾರ್ಥನೆ

ಮರಿಯಮ್ ತಮ್ಮನ್ನ ತಾವು ಪುಟ್ಟ ಶೂನ್ಯ ಅಂತ ಕರ್ಕೊಳ್ತಿದ್ರು. ಇದನ್ನ ಕೀಳರಿಮೆ ಅಂತ ಅನುವಾದ ಮಾಡಿ ಹಾಳು ಮಾಡ್ಬೇಡಿ. ಮೂರು ವರ್ಷಕ್ಕೆ ಅನಾಥೆ, ಹದಿಮೂರರ ಹತ್ರ ಸತ್ತು ಬದುಕಿದವರು, ಎರಡು ಮಠಗಳಿಂದ ಬೇಡ ಅನ್ನಿಸಿಕೊಂಡವರು, ಇಷ್ಟಾದ್ಮೇಲೂ ಬೇಜಾರಿಲ್ಲದೆ ನಾನು ಏನೂ ಅಲ್ಲ, ದೇವರೇ ಎಲ್ಲ ಅಂದ್ರೆ ಅದು ಸೋತವರ ಮಾತಲ್ಲ. ಸರಿಯಾಗಿ ಓದೋಕೆ ಬರದವರು ಪರವಶತೆಯಲ್ಲಿ ಹಾಡು ಕಟ್ಟಿ ಹಾಡ್ತಿದ್ರು, ಹಕ್ಕಿ, ಹೂವು, ಮಣ್ಣು, ಹಣ್ಣು ಎಲ್ಲ ಬರತ್ತೆ ಅದರಲ್ಲಿ, ಗಲಿಲಾಯದ, ಅಂದ್ರೆ ಹುಟ್ಟೂರಿನ ಕಡೆಯ ತೋಟ ಅವರೊಳಗಿಂದ ಹೋಗಿರ್ಲೇ ಇಲ್ಲ.

ಪವಿತ್ರಾತ್ಮರ ಮೇಲಿನ ಭಕ್ತಿ ಅವರು ಬಿಟ್ಟುಹೋದ ದೊಡ್ಡ ಆಸ್ತಿ. ನನ್ನನ್ನ ಪ್ರೇರೇಪಿಸು, ಸರಿದಾರಿಯಲ್ಲಿ ನಡೆಸು, ಎಲ್ಲ ಕೇಡಿನಿಂದ ಕಾಪಾಡು ಅಂತ ಬೇಡೋ ನಾಲ್ಕೈದು ಸಾಲಿನ ಒಂದು ಪುಟ್ಟ ಪ್ರಾರ್ಥನೆ ಅವರ ಹೆಸರಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ನಿಮ್ಮ ಮಾತಿನ ನಡುವೆ ಒಂದ್ಸಲ ನಿಲ್ಲಿಸಿ, ಎಲ್ಲರೂ ಸೇರಿ ನಿಧಾನಕ್ಕೆ ಹೇಳಿ, ಹಿನ್ನೆಲೆ ಮ್ಯೂಸಿಕ್ ಏನೂ ಬೇಡ. ಅದಾದ್ಮೇಲೆ ಜನ ಕೇಳೋ ರೀತಿನೇ ಬದಲಾಗತ್ತೆ.

ಪದವಿಗಳ ವಿವರ ಒಂದೇ ಉಸಿರಲ್ಲಿ ಮುಗಿಸಿ: 1983 ನವೆಂಬರ್ 13ಕ್ಕೆ ಪೋಪ್ ಎರಡನೇ ಜಾನ್ ಪೌಲ್ ಅವರಿಂದ ಪುನೀತ ಪದವಿ, ಅಂದ್ರೆ ಸಂತ ಪದವಿಗೆ ಮುಂಚಿನ ಮೆಟ್ಟಿಲು, 2015 ಮೇ 17ಕ್ಕೆ ಪೋಪ್ ಫ್ರಾನ್ಸಿಸ್ ಅವರಿಂದ ಸಂತ ಪದವಿ, ಅದೇ ದಿನ ಜೆರುಸಲೇಮಿನ ಮರಿ ಅಲ್ಫೋನ್ಸೀನ್ ಘಟ್ಟಾಸ್ ಅವರಿಗೂ. ಇದನ್ನ ಕೊನೆಗೆ ಇಡಬೇಡಿ, ನಡುವಲ್ಲೇ ಎಲ್ಲಾದ್ರೂ ಹೇಳಿಬಿಡಿ.

ಕೊನೆಗೆ ಬೆತ್ಲೆಹೇಮ್

ಮಾತು ಮುಗಿಸೋದು ಇಲ್ಲೇ. 1875ರಲ್ಲಿ ಮರಿಯಮ್ ಮತ್ತೆ ಒಂದು ಗುಂಪಿನ ಜೊತೆ ಹೊರಟ್ರು, ಈ ಸಲ ಬೆತ್ಲೆಹೇಮ್‌ಗೆ, ಅಪ್ಪ ಅಮ್ಮ ಹರಕೆ ಹೊತ್ಕೊಂಡು ಹೋಗಿದ್ದ ಅದೇ ಊರಿಗೆ. ಹಣ ಕೊಟ್ಟವರು ಪೋ ಊರಿನ ಬೆರ್ತ್ ದಾರ್ತಿಗೋ ಅನ್ನೋ ಶ್ರೀಮಂತ ಮನೆಯ ಮಹಿಳೆ. ಗುಂಪಲ್ಲಿ ಅರಬ್ಬಿ ಬರ್ತಿದ್ದದ್ದು ಇವರೊಬ್ಬರಿಗೇ, ಮಂಗಳೂರಲ್ಲಿ ಯಾರಿಗೂ ಬೇಡವಾಗಿದ್ದ ಭಾಷೆ ಇಲ್ಲಿ ಎಲ್ಲರಿಗೂ ಬೇಕಾಯ್ತು, ಹಾಗಾಗಿ ಮಠ ಕಟ್ಟೋ ಕೆಲಸಗಾರರನ್ನ ನೋಡ್ಕೊಳ್ಳೋ ಹೊಣೆ ಇವರ ತಲೆ ಮೇಲೆ ಬಿತ್ತು. ಮರಳು, ಸುಣ್ಣದ ನಡುವೆ ದಿನಗಟ್ಟಲೆ ನಿಂತು ಕೆಲಸ ಮಾಡಿಸಿದ್ರು. 1876 ನವೆಂಬರ್ 21ಕ್ಕೆ ಸಿಸ್ಟರ್‌ಗಳು ಹೊಸ ಮಠಕ್ಕೆ ಬಂದ್ರು, ಮಂಗಳೂರಲ್ಲಿ ವ್ರತ ತಗೊಂಡ ತಾರೀಕೇ ಅದು, ಐದು ವರ್ಷ ಆದ್ಮೇಲೆ. ನಜರೇತಿನಲ್ಲೂ ಒಂದು ಮಠ ಆಗ್ಬೇಕು ಅಂತ ಜಾಗ ನೋಡೋಕೆ ಓಡಾಡಿದ್ರು.

1878ರ ಆಗಸ್ಟ್, ವಿಪರೀತ ಸೆಕೆ. ಕಟ್ಟಡದ ಕೆಲಸ ಇನ್ನೂ ನಡೀತಿತ್ತು. ಬಿಸಿಲಲ್ಲಿ ದುಡೀತಿದ್ದವರಿಗೆ ಕುಡಿಯೋಕೆ ನೀರು ತಗೊಂಡು ಹೋಗುವಾಗ ಮೆಟ್ಟಿಲ ಮೇಲೆ ಬಿದ್ದು ಕೈ ಮುರೀತು. ಗಾಯ ಕೊಳೆತು ಗ್ಯಾಂಗ್ರೀನ್ ಆಯ್ತು, ಕೆಲವೇ ದಿನಕ್ಕೆ, ಆಗಸ್ಟ್ 26ರ ಬೆಳಗ್ಗೆ ತೀರಿಕೊಂಡ್ರು. ಮರದ ತುದಿಯಿಂದ ಅವರು ಯಾವತ್ತೂ ಬೀಳಲಿಲ್ಲ, ಬಿದ್ದಿದ್ದು ಕೂಲಿಯವರಿಗೆ ನೀರು ಕೊಡೋಕೆ ಹೋಗ್ತಿದ್ದಾಗ. ಇಷ್ಟು ಹೇಳಿ ಕೂತ್ಕೊಂಡುಬಿಡಿ.